ಕೆಂಪು ದೇವರ ಗುಡಿಯ ಮುಂದೆ

ಗುಂತಕಲ್ಲು

ಹೈದರಾಬಾದಿಗೆ ಹೋಗಿಬಂದದ್ದನ್ನು ಪರದೇಶ ಪ್ರವಾಸ ಎಂದರೆ ಓದುವವರು ನಗುತ್ತಾರೆಂದು ಗೊತ್ತು. ಪಾಸ್‌ಪೋರ್ಟ್ ಬೇಡ, ವಿಮಾನ ಬೇಡ, ಬಳ್ಳಾರಿಯಲ್ಲಿ ಕಟ್ಟಿಕೊಂಡ ಚಿತ್ರಾನ್ನ ಹಳಸುವುದರೊಳಗೆ ಮುಟ್ಟುವ ಊರು. ಆದರೆ ನಮ್ಮ ಮನೆಯ ಭೂಗೋಳವೇ ಬೇರೆ. ಅಪ್ಪನ ಕಡೆಯವರು ಬಳ್ಳಾರಿಯವರು, ಒಂದು ಕಾಲಕ್ಕೆ ಮದ್ರಾಸಿನ ಪ್ರಜೆಗಳು. ಅಮ್ಮನ ಕಡೆಯವರು ರಾಯಚೂರು ಸೀಮೆಯವರು, ನಿಜಾಮನ ಪ್ರಜೆಗಳು. ನಡುವೆ ತುಂಗಭದ್ರೆ. ರಾಜ್ಯಗಳೆಲ್ಲ ಒಂದಾಗಿ ಎಷ್ಟೋ ವರ್ಷಗಳಾದ ಮೇಲೂ ಅಜ್ಜಿ ಹೊಳೆ ದಾಟಿ ನಮ್ಮ ಮನೆಗೆ ಬಂದಾಗಲೆಲ್ಲ, ‘ನಿಮ್ಮ ದೇಶದಾಗ ಉಪ್ಪಿನಕಾಯಿಗೆ ಖಾರನ ಹಾಕಂಗಿಲ್ಲೇನವಾ?’ ಎಂದು ಕೇಳುತ್ತಿದ್ದಳು. ಹಾಗಾಗಿ ನನ್ನ ಲೆಕ್ಕದಲ್ಲಿ ಹೊಳೆ ದಾಟಿದರೆ ಪರದೇಶ.

ನಾನು ಹೋದದ್ದು ಚಾರ್‌ಮಿನಾರ್ ನೋಡಲಿಕ್ಕಲ್ಲ, ಒಂದು ಕೊಲೆ ಮೊಕದ್ದಮೆಗೆ. ಗಾಬರಿಯಾಗಬೇಡಿ, ಕೊಂದದ್ದು ನಾನಲ್ಲ. ಬಳ್ಳಾರಿಯ ಕೋರ್ಟಿನಲ್ಲಿ ಆಯುಷ್ಯದ ದೊಡ್ಡ ಪಾಲನ್ನು ಭಾಷಾಂತರದ ಮೇಜಿನ ಹಿಂದೆ ಕಳೆದು ನಿವೃತ್ತಳಾದವಳು ನಾನು. ಕನ್ನಡ, ತೆಲುಗು ಎರಡೂ ನನಗೆ ಎಡಗೈ ಬಲಗೈ. ಹೈದರಾಬಾದಿನ ಒಂದು ಕೋರ್ಟಿನಲ್ಲಿ ನಡೆಯುತ್ತಿದ್ದ ಮೊಕದ್ದಮೆಯ ಮುಖ್ಯ ಸಾಕ್ಷಿ ನಮ್ಮ ಲಿಂಗಸುಗೂರಿನ ಕಡೆಯ ಹೆಣ್ಣುಮಗಳು, ಕಟ್ಟಡದ ಕೂಲಿ. ಅಲ್ಲಿಯೇ ಸಿಕ್ಕ ದುಭಾಷಿ ಮೈಸೂರಿನ ಕಡೆಯವರು. ಆಕೆಯ ಮಾತು ಅರ್ಧಕ್ಕರ್ಧ ತಿಳಿಯದೆ ಕೈಮುಗಿದು ಹೊರಟುಹೋದರಂತೆ. ಹಳೆಯ ಪರಿಚಯದವರೊಬ್ಬರ ಮೂಲಕ ಕರೆ ನನ್ನವರೆಗೆ ಬಂತು.

ಊರಿನ ನಾಲ್ಕು ಜನರನ್ನು ಕೂರಿಸಿ ‘ಇವನು ಕೊಂದನೋ ಇಲ್ಲವೋ ನೀವೇ ಹೇಳಿ’ ಎಂದು ಕೇಳುವ ಪದ್ಧತಿ ನಮ್ಮ ದೇಶದ ಕೋರ್ಟುಗಳಿಂದ ಎಂದೋ ಹೋಯಿತು. ಈಗ ಅಲ್ಲಿ ಹೊರಗಿನವಳೆಂದು ಉಳಿದವಳು ದುಭಾಷಿ ಒಬ್ಬಳೇ. ಅವಳೂ ಪ್ರಮಾಣ ಮಾಡುತ್ತಾಳೆ, ಎಲ್ಲವನ್ನೂ ಕೇಳುತ್ತಾಳೆ, ಹೊರಗೆ ಯಾರೊಡನೆಯೂ ಬಾಯಿ ಬಿಡುವಂತಿಲ್ಲ. ಕೊನೆಗೆ ‘ನಿನಗೇನನ್ನಿಸಿತು’ ಎಂದು ಅವಳನ್ನು ಯಾರೂ ಕೇಳುವುದಿಲ್ಲ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು. ಬೆಂಚಿನ ಮೇಲೆ ಚೀಲ ಇಟ್ಟು, ‘ಶ್ರೀಪಾದ್, ಚೀಲ ನೋಡ್ಕೋ, ನೀರು ತರ್ತೀನಿ’ ಎಂದು ಹೇಳಿ ಹೊರಟೇಬಿಟ್ಟೆ. ನಲ್ಲಿಯ ಹತ್ತಿರ ಹೋಗಿ ಬಾಟಲಿಯ ಮುಚ್ಚಳ ತಿರುಗಿಸುವಾಗ ನೆನಪಾಯಿತು. ಶ್ರೀಪಾದ ನನ್ನ ಗಂಡ. ತೀರಿಕೊಂಡು ಎರಡು ವರ್ಷವಾಗಿದೆ. ಅವನಿಲ್ಲದೆ ನಾನು ಇಷ್ಟು ದೂರ ಹೊರಟದ್ದು ಇದೇ ಮೊದಲು.

ಓಡಿ ಬಂದರೆ ಚೀಲ ಅಲ್ಲೇ ಇತ್ತು. ಬೆಂಚಿನ ಆಚೆ ತುದಿಯಲ್ಲಿ ಕೂತಿದ್ದ ರುಮಾಲಿನ ಮುದುಕರೊಬ್ಬರು ಅದನ್ನು ತಮ್ಮ ಕಡೆಗೆ ಎಳೆದು ಮೇಲೆ ಕೈ ಇಟ್ಟುಕೊಂಡಿದ್ದರು. ‘ನೀವು ಕರೆದವರು ಬರಲೇ ಇಲ್ಲಮ್ಮಾ, ಅದಕ್ಕೆ ನಾನೇ ನೋಡಿಕೊಂಡೆ’ ಎಂದು ತೆಲುಗಿನಲ್ಲಿ ಹೇಳಿ, ಬಾರದ ಆ ಬೇಜವಾಬ್ದಾರಿ ಮನುಷ್ಯನಿಗಾಗಿ ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಒಮ್ಮೆ ಸಿಟ್ಟಿನಿಂದ ಕಣ್ಣಾಡಿಸಿದರು. ನನಗೆ ನಾಚಿಕೆಯಾಯಿತು. ಊರು ತಿರುಗಿ ಮುಟ್ಟುವವರೆಗೆ ಆ ಹೆಸರು ಹಿಡಿದು ಇನ್ನು ಕರೆಯಬಾರದೆಂದು ನಿಶ್ಚಯ ಮಾಡಿದೆ.

ಕೂಕಟ್‌ಪಲ್ಲಿ

ಲಾಡ್ಜಿನ ಮ್ಯಾನೇಜರು ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಮೇಡಂ, ಇನ್ನೊಬ್ಬರು?’ ಎಂದ. ಒಬ್ಬಳೇ ಎಂದೆ. ‘ಆಮೇಲೆ ಬರ್ತಾರಾ?’ ಎಂದ. ಬರುವುದಿಲ್ಲ ಎಂದೆ. ಆದರೂ ಕೋಣೆಗೆ ಎರಡು ಟವೆಲ್, ಎರಡು ಸೋಪು ಕಳಿಸಿದ. ಒಳ್ಳೆಯ ಮನುಷ್ಯ, ಆದರೆ ಆ ಎರಡನೆಯ ಟವೆಲು ಅಲ್ಲಿದ್ದಷ್ಟು ದಿನವೂ ನನ್ನನ್ನು ಕೆಣಕಿತು. ಮಡಿಕೆ ಬಿಚ್ಚದೆ ಕಪಾಟಿನಲ್ಲಿ ಮುಚ್ಚಿಟ್ಟೆ.

ಕೂಕಟ್‌ಪಲ್ಲಿಯಲ್ಲಿ ಮನೆಯ ಮೇಲೆ ಮನೆ, ಅಂಗಡಿಯ ಮೇಲೆ ಕೋಚಿಂಗ್ ಕ್ಲಾಸು, ಅದರ ಮೇಲೆ ಮತ್ತೊಂದು ಮನೆ. ನೆತ್ತಿಯ ಮೇಲೆ ಮೆಟ್ರೋ. ಬಳ್ಳಾರಿಯಲ್ಲಿ ಬೀದಿಗೆ ಇಳಿದರೆ ನಾಲ್ಕು ಜನ ‘ಏನ್ರಿ ಪದ್ಮಕ್ಕ, ಎಲ್ಲಿಗೆ?’ ಎನ್ನುತ್ತಾರೆ, ಅದು ನನಗೆ ಸದಾ ಕಿರಿಕಿರಿ. ಇಲ್ಲಿ ಯಾರೂ ಕೇಳಲಿಲ್ಲ. ಎರಡನೆಯ ದಿನಕ್ಕೇ ಯಾರಾದರೂ ಕೇಳಲಿ ಎನ್ನಿಸತೊಡಗಿತು. ಊಟದ ಮೆಸ್ಸಿನಲ್ಲಿ ಬಡಿಸುವಾತ ಗೋಂಗುರ ಚಟ್ನಿ ಹಾಕುತ್ತ ‘ಪಪ್ಪು ಏಯಮಂಟಾರಾ ಅಮ್ಮಾ?’ ಎಂದು ಬೇಳೆ ಬೇಕೇ ಎಂದು ಕೇಳುತ್ತಿದ್ದನಲ್ಲ, ಅದೊಂದು ಮಾತಿಗಾಗಿ ಎರಡನೆಯ ಸಲವೂ ಬೇಳೆ ಹಾಕಿಸಿಕೊಂಡೆ. ಹೊಟ್ಟೆ ಬೇಡ ಎನ್ನುತ್ತಿತ್ತು.

ಈ ಊರಿನವರ ಇನ್ನೊಂದು ರೂಢಿ ‘ಪರಸೋಂ’. ಮೊನ್ನೆ ನಡೆದದ್ದೂ ಪರಸೋಂ, ಹೋದ ವರ್ಷದ್ದೂ ಪರಸೋಂ, ಮುಂದೆಂದೋ ಆಗುವುದೂ ಪರಸೋಂ. ಸಾಕ್ಷಿ ಯಾವಾಗ ಬರುತ್ತಾಳೆ ಎಂದು ಕೋರ್ಟಿನ ಅಟೆಂಡರನನ್ನು ಕೇಳಿದೆ. ‘ಪರಸೋಂ ಆಯೇಗೀ ಅಮ್ಮಾ’ ಎಂದ. ಯಾವ ಪರಸೋಂ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಮ್ಮಲ್ಲಿ ಇಂಥ ಆಸಾಮಿಗೆ ದಲಾಯತ ಎನ್ನುತ್ತೇವೆ. ಹೆಸರು ಬೇರೆ, ಗತ್ತು ಒಂದೇ.

ಶುಕ್ರವಾರ, ಕೋರ್ಟು

ಬಾಗಿಲಲ್ಲಿ ನಿಂತು ಅಟೆಂಡರ್ ಮೂರು ಸಲ ಕೂಗಿದ: ‘ಹುಲಿಗೆಮ್ಮಾ! ಹುಲಿಗೆಮ್ಮಾ! ಹುಲಿಗೆಮ್ಮಾ!’ ಬೇವಿನ ಮರದ ಕೆಳಗೆ ಕೂತಿದ್ದ ಹೆಂಗಸು ಸೆರಗು ಸರಿಪಡಿಸಿಕೊಂಡು ಎದ್ದು ಬಂದಳು. ಮೂವತ್ತರ ಆಸುಪಾಸು. ಅಂಗೈಯಲ್ಲಿ ಸಿಮೆಂಟಿನ ಬಿರುಕು. ಸಾಕ್ಷಿಕಟ್ಟೆ ಹತ್ತಿ ಮೊದಲು ನನ್ನ ಮುಖ ನೋಡಿದಳು. ‘ನಮ್ಮ ಕಡ್ಯಾರೇನ್ರಿ ಅಕ್ಕಾರ?’ ಎಂದಳು. ಹೌದೆನ್ನುವಂತಿಲ್ಲ. ಆಕೆ ಕೇಳಿದ್ದನ್ನು ಹಾಗೆಯೇ ತೆಲುಗಿಗೆ ತಿರುಗಿಸಿ ನ್ಯಾಯಾಧೀಶರಿಗೆ ಒಪ್ಪಿಸಿದೆ. ಅವರು ನಕ್ಕು, ‘ಪ್ರಶ್ನೆಗೆ ಮಾತ್ರ ಉತ್ತರ ಹೇಳಮ್ಮಾ’ ಎಂದರು. ಅದನ್ನೂ ನಾನೇ ಆಕೆಗೆ ಹೇಳಬೇಕಾಯಿತು. ಆಕೆಯ ಮುಖ ಸಣ್ಣದಾಯಿತು.

ನಡೆದದ್ದು ಇಷ್ಟು. ಗಚ್ಚಿಬೌಲಿಯಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿರುವ ಕಡೆ ಕೂಲಿಯವರ ತಗಡಿನ ಶೆಡ್ಡುಗಳು. ಸಂಜೆ ನೀರಿನ ಟ್ಯಾಂಕರ್ ಬಂದಾಗ ಸರದಿಯ ಬಗ್ಗೆ ಜಗಳ. ಹುಲಿಗೆಮ್ಮನ ಗಂಡ ಹನುಮಂತನ ತಲೆಗೆ ಕಬ್ಬಿಣದ ಸಲಾಕೆಯ ಏಟು. ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಆರೋಪಿ ಎಂದು ನಿಂತವನು ಪಕ್ಕದ ಶೆಡ್ಡಿನವನು, ಲಿಂಗಸುಗೂರಿನವನೇ. ಕಾಕತಾಳೀಯ ನೋಡಿ, ಅವನ ಹೆಸರೂ ಹನುಮಂತ. ಆ ಸೀಮೆಯಲ್ಲಿ ಓಣಿಗೊಬ್ಬ ಹನುಮಂತ ಇರುತ್ತಾನೆ, ಹಾಗಾಗಿ ಯಾರೂ ಅದನ್ನು ವಿಶೇಷವೆಂದು ಎಣಿಸಿರಲಿಲ್ಲ. ನಾನೂ ಎಣಿಸಲಿಲ್ಲ.

ಏಟು ಹಾಕಿದ್ದನ್ನು ಕಣ್ಣಾರೆ ಕಂಡವಳು ಹುಲಿಗೆಮ್ಮ ಒಬ್ಬಳೇ. ಉಳಿದವರೆಲ್ಲ ನೀರಿಗೆ ಮುಗಿಬಿದ್ದಿದ್ದರು. ಆಕೆಯ ಮಾತು ಗಟ್ಟಿಯಾಗಿ ನಿಂತರೆ ಮೊಕದ್ದಮೆ ನಿಲ್ಲುತ್ತದೆ, ಇಲ್ಲವಾದರೆ ಮುರಿದುಬೀಳುತ್ತದೆ.

ಎಲ್ಲಿ ಹೊಡೆದ ಎಂದು ಸರ್ಕಾರಿ ವಕೀಲೆ ಕೇಳಿದರು.

‘ಕೆಂಪ ದೇವರ ಗುಡಿ ಮುಂದ್ರಿ.’

‘ಕೆಂಪು ದೇವರ ಗುಡಿಯ ಮುಂದೆ’ ಎಂದು ತಿರುಗಿಸಿದೆ. ವಕೀಲೆ ಹುಬ್ಬು ಗಂಟು ಹಾಕಿದರು. ಪೊಲೀಸರ ಹೇಳಿಕೆಯಲ್ಲಿ ಹನುಮಾನ್ ಗುಡಿ ಎಂದಿತ್ತು. ಅಂದು ಆಕೆಯ ಮಾತನ್ನು ಹಿಂದಿಯಲ್ಲಿ ಹೇಳಿಕೊಟ್ಟವನು ಸೈಟಿನ ಸೂಪರ್‌ವೈಸರ್. ‘ಹನುಮಾನ್ ಅಲ್ಲವೇ ಮೇಡಂ?’ ಎಂದರು. ಆಕೆ ಅಂದದ್ದು ಕೆಂಪು ದೇವರು ಎಂದೆ. ನನ್ನ ಕಸುಬಿನ ಮೊದಲ ಪಾಠ ಅದು: ಸಾಕ್ಷಿಯ ಮಾತು ಡೊಂಕಾಗಿದ್ದರೆ ಡೊಂಕಾಗಿಯೇ ದಾಟಿಸು, ಇಸ್ತ್ರಿ ಹಾಕಬೇಡ. ನ್ಯಾಯಾಧೀಶರು ಹಾಗೆಯೇ ಬರೆಸಿದರು.

ಮಧ್ಯಾಹ್ನ ಆರೋಪಿಯ ಪರ ವಕೀಲನ ಸರದಿ. ಚುರುಕು ಹುಡುಗ, ದನಿ ಏರಿಸುವುದಿಲ್ಲ, ಅಂಥವರೇ ಅಪಾಯ.

‘ಈ ಆರೋಪಿ ನಿನಗೆ ಮೊದಲಿಂದ ಗೊತ್ತೇ?’

‘ಗೊತ್ತೈತ್ರಿ. ಬಾಜೂ ಶೆಡ್ಡನ್ಯಾವ. ನಮ್ಮ ಒಲಿ ಕಟ್ಟಿಗಿ ಒಯ್ತಿದ್ದ.’

‘ಹೆಸರು ಗೊತ್ತಿತ್ತೇ?’

‘ಗೊತ್ತಿತ್ರಿ.’

‘ಹಾಗಾದರೆ ಅಂದು ಪೊಲೀಸರಿಗೆ ಹೆಸರು ಯಾಕೆ ಹೇಳಲಿಲ್ಲ? ಲಿಂಗಸೂರವ ಎಂದಷ್ಟೇ ಅಂದೆ. ಅಲ್ಲಿ ಲಿಂಗಸುಗೂರಿನವರು ಎಷ್ಟೋ ಜನ. ದಿನಗಳು ಕಳೆದ ಮೇಲೆ ಇವನ ಕಡೆ ಬೆರಳು ತೋರಿಸಿದೆ. ಯಾರು ಹೇಳಿಕೊಟ್ಟರು?’

ಹುಲಿಗೆಮ್ಮ ಬಾಯಿ ತೆರೆದಳು, ಮುಚ್ಚಿದಳು. ಕಟ್ಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಳು. ಮಾತು ಬೆಳ್ಳಿ ಮೌನ ಬಂಗಾರ ಎಂದವನು ಸಾಕ್ಷಿಕಟ್ಟೆ ಹತ್ತಿದವನಲ್ಲ. ಅಲ್ಲಿ ಮೌನಕ್ಕಿಂತ ಕೆಟ್ಟ ಉತ್ತರವಿಲ್ಲ. ನಾನು ಮೌನವನ್ನು ಹೇಗೆ ತಿರುಗಿಸಲಿ? ‘ಸಾಕ್ಷಿ ಸುಮ್ಮನಿದ್ದಾಳೆ’ ಎಂದೆ. ಹೊತ್ತಾಗಿತ್ತು. ಸೋಮವಾರಕ್ಕೆ ಮುಂದೂಡಿ, ಅಲ್ಲಿಯವರೆಗೆ ಸಾಕ್ಷಿಯಾಗಲಿ ದುಭಾಷಿಯಾಗಲಿ ಮೊಕದ್ದಮೆಯ ಬಗ್ಗೆ ಯಾರೊಡನೆಯೂ ಮಾತಾಡಕೂಡದೆಂದು ನ್ಯಾಯಾಧೀಶರು ಎಚ್ಚರಿಸಿದರು.

ಹೊರಗೆ ಬಂದರೆ ಹುಲಿಗೆಮ್ಮ ಅದೇ ಬೇವಿನ ಮರದ ಕೆಳಗೆ ಒಬ್ಬಳೇ ನಿಂತಿದ್ದಳು. ನನ್ನನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದಳು. ನಾನು ಮುಖ ತಿರುಗಿಸಿ ಗೇಟಿನ ಕಡೆ ನಡೆದೆ. ಕಾನೂನಿನ ಪ್ರಕಾರ ಸರಿಯೇ. ಆದರೆ ಆ ರಾತ್ರಿ ಮೆಸ್ಸಿನಲ್ಲಿ ಬೇಳೆ ಹಾಕಲು ಬಂದಾತನಿಗೆ ಬೇಡವೆಂದು ಕೈ ಅಡ್ಡ ಹಿಡಿದೆ.

ಭಾನುವಾರ, ತಾರ್ನಾಕ

ಶ್ರೀಪಾದ ಓದಿದ್ದು ತಾರ್ನಾಕದ ಹಳೆಯ ವಿಶ್ವವಿದ್ಯಾಲಯದಲ್ಲಿ. ಮದುವೆಯಾದ ಹೊಸದರಲ್ಲಿ ಹಾಸ್ಟೆಲಿನ ಕಥೆ ಹೇಳಿ ಹೇಳಿ ತಲೆ ತಿಂದಿದ್ದ. ಕಲ್ಲಿನ ಆ ದೊಡ್ಡ ಕಟ್ಟಡದ ಮೆಟ್ಟಿಲ ಮೇಲೆ ಕೂರಿಸಿ ನಿನಗೆ ಚಹಾ ಕುಡಿಸುತ್ತೇನೆ ಎನ್ನುತ್ತಿದ್ದ. ಇವತ್ತು ನಾಳೆ ಎನ್ನುತ್ತ ಅವನೂ ಪರಸೋಂ ಮಾಡಿಬಿಟ್ಟ.

ಮೆಟ್ರೋದಲ್ಲಿ ಹೋದೆ. ಒಳಗಿನ ದನಿ ಪ್ರತಿ ನಿಲ್ದಾಣವನ್ನೂ ತೆಲುಗಿನಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಸಾರುತ್ತದೆ. ಮೂರೂ ನನಗೆ ತಿಳಿಯುತ್ತವೆ, ಮೂರರಲ್ಲಿಯೂ ಮಾತಾಡುವವರು ಯಾರೂ ಇರಲಿಲ್ಲ. ಎಲ್ಲರೂ ಫೋನಿನಲ್ಲಿ ಮುಳುಗಿದ್ದರು. ನಿದ್ದೆಗಣ್ಣಿನಲ್ಲಿ ಇಳಿಯುವ ನಿಲ್ದಾಣ ಬಿಟ್ಟು ಮುಂದೆ ಹೋದೆ. ವಾಪಸು ಬರುವಾಗ ಎಚ್ಚರವಾಗಿಯೇ ಇದ್ದು ಮತ್ತೆ ಬಿಟ್ಟೆ. ‘ಹಳ್ಳಿ ಗುಗ್ಗು’ ಎಂದು ಬೈಯುವವನಿದ್ದರೆ ಜಗಳವಾಡಬಹುದಿತ್ತು. ಬೈಸಿಕೊಳ್ಳುವ ಭಾಗ್ಯವೂ ಇಲ್ಲದ ಮೇಲೆ ದಾರಿ ತಪ್ಪಿದರೂ ಸುಖವಿಲ್ಲ.

ಕಲ್ಲಿನ ಕಟ್ಟಡ ಅವನು ಹೇಳಿದ್ದಕ್ಕಿಂತ ದೊಡ್ಡದಿತ್ತು. ಮೆಟ್ಟಿಲ ಮೇಲೆ ಕೂತೆ. ಚಹಾ ಮಾರುವವರು ಯಾರೂ ಇರಲಿಲ್ಲ. ಓದುವ ಹುಡುಗಿಯರು ಗುಂಪುಗುಂಪಾಗಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬಳು ಬಂದು ‘ಆಂಟೀ, ಕೊಂಚೆಂ ಪಕ್ಕಕಿ’ ಎಂದಳು, ಸ್ವಲ್ಪ ಸರಿಯಿರಿ ಎಂದು. ಸರಿದೆ. ಅವರ ಫೋಟೋದಿಂದ ಹೊರಗಾದೆ. ಅಳು ಬಂತು, ಬಿಸಿಲಿಗೆ ಕಣ್ಣಲ್ಲಿ ನೀರು ಬಂದಿತೆಂಬಂತೆ ಸೆರಗಿನಿಂದ ಒರೆಸಿಕೊಂಡೆ.

ಹಿಂದಿರುಗುವ ದಾರಿಯಲ್ಲಿ ಅರಳಿ ಮರದ ಕೆಳಗೆ ಸಿಂಧೂರ ಮೆತ್ತಿದ ಹನುಮಂತನ ಕಲ್ಲು ಇತ್ತು. ಕೆನ್ನೆ, ಮೂತಿ, ಬಾಲ ಎಲ್ಲ ಒಂದೇ ಕೆಂಪು. ಕೈ ಮುಗಿದು ಎರಡು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತುಬಿಟ್ಟೆ.

ಕೆಂಪು ದೇವರು.

ನಮ್ಮ ಅಜ್ಜನ ಹೆಸರು ಭೀಮರಾಯ. ಅಜ್ಜಿ ಸಾಯುವವರೆಗೆ ಒಮ್ಮೆಯೂ ಅದನ್ನು ಉಚ್ಚರಿಸಿದವಳಲ್ಲ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ಗಂಡನಷ್ಟೇ ಅಲ್ಲ, ಆ ಹೆಸರಿನವರು ಯಾರೇ ಇರಲಿ. ಹಾಲು ಹಾಕುವ ಭೀಮಣ್ಣ ಅವಳ ಪಾಲಿಗೆ ‘ಹಾಲಿನಾವ’. ಭೀಮನ ಅಮಾವಾಸ್ಯೆಗೆ ‘ಗಂಡನ ಪೂಜಿ ಅಮಾಸಿ’. ಭೀಮಾ ನದಿಗೆ ‘ಆ ಕಡೀ ಹೊಳಿ’. ಮಕ್ಕಳೆಲ್ಲ ಸೇರಿ ಅವಳ ಬಾಯಿಂದ ಆ ಹೆಸರು ಹೊರಡಿಸಲು ಎಂಥೆಂಥ ಉಪಾಯ ಮಾಡಿದ್ದೇವೆ! ಸೋತದ್ದು ನಾವೇ.

ಹುಲಿಗೆಮ್ಮ ದೇವರ ಹೆಸರನ್ನೇ ಹೇಳುತ್ತಿಲ್ಲ. ಇನ್ನು ಕೊಂದವನ ಹೆಸರನ್ನು ಹೇಗೆ ಹೇಳಿಯಾಳು? ಎರಡೂ ಗಂಡನ ಹೆಸರು. ಅಂದು ಗಂಡನ ಹೆಣ ಇನ್ನೂ ಆಸ್ಪತ್ರೆಯಲ್ಲಿತ್ತು. ಲಿಂಗಸೂರವ ಎಂದಿದ್ದಾಳೆ. ಅದು ಅವಳಿಗೆ ಗುರುತು ಹೇಳಿದಂತೆಯೇ.

ಇಷ್ಟು ವರ್ಷ ಭಾಷಾಂತರ ಮಾಡಿದ ಈ ತಲೆಗೆ ಅದು ಹೊಳೆಯಲು ಎರಡು ದಿನ ಹಿಡಿಯಿತಲ್ಲ! ಗಂಡನನ್ನು ಬೀದಿಗೆ ಕೇಳುವಂತೆ ಹೆಸರು ಹಿಡಿದು ಕೂಗಿದವಳಿಗೆ ಹೊಳೆಯುವುದಾದರೂ ಹೇಗೆ?

ಸರ್ಕಾರಿ ವಕೀಲೆಯ ನಂಬರ್ ನನ್ನ ಫೋನಿನಲ್ಲಿತ್ತು. ಒಂದು ಮಾತು ಹೇಳಿದರೆ ಸಾಕು. ಆದರೆ ಹೇಳಿದರೆ ನಾನು ದುಭಾಷಿಯಲ್ಲ, ಒಂದು ಪಕ್ಷದವಳು. ಆ ಚುರುಕು ಹುಡುಗ, ‘ಸಾಕ್ಷಿಗೆ ನೆಪ ಕಲಿಸಿಕೊಟ್ಟವಳು ಈ ಹೆಂಗಸೇ’ ಎಂದರೆ ಹುಲಿಗೆಮ್ಮನ ಇಡೀ ಸಾಕ್ಷಿ ನನ್ನಿಂದಲೇ ಹಾಳು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮನೆಯಲ್ಲಿದ್ದಿದ್ದರೆ ಗೋಡೆಗಾದರೂ ಹೇಳುತ್ತಿದ್ದೆ. ಲಾಡ್ಜಿನ ಕೋಣೆಯಲ್ಲಿ ಕಪಾಟು ತೆರೆದು ಆ ಎರಡನೆಯ ಟವೆಲನ್ನು ನೋಡಿದೆ. ಹೇಳಿಕೊಳ್ಳಲು ಇದ್ದವನು ಶ್ರೀಪಾದನೊಬ್ಬನೇ. ‘ಸುಮ್ನಿರು ಪದ್ದಿ, ನಿನ್ನ ಕೆಲಸ ಸರಿಯಾಗಿ ಮಾಡು, ಅಷ್ಟೇ ಸಾಕು’ ಎನ್ನುತ್ತಿದ್ದ.

ಸೋಮವಾರ

ಹುಲಿಗೆಮ್ಮ ಅದೇ ಸೀರೆಯಲ್ಲಿ ಬಂದಿದ್ದಳು. ನನ್ನ ಕಡೆ ನೋಡಲಿಲ್ಲ.

ವಕೀಲ ಶುಕ್ರವಾರದ ಪ್ರಶ್ನೆಯನ್ನೇ ಮತ್ತೆ ಕೇಳಿದ. ಆಕೆ ಮತ್ತೆ ತಲೆ ತಗ್ಗಿಸಿದಳು. ಅವನು ನ್ಯಾಯಾಧೀಶರ ಕಡೆ ತಿರುಗಿ, ಉತ್ತರವಿಲ್ಲವೆಂದು ದಾಖಲಿಸಬೇಕೆಂದ. ಗೆದ್ದ ಕುದುರೆಗೆ ಇನ್ನೊಂದು ಸುತ್ತು ಓಡುವ ಚಪಲ. ಅಲ್ಲಿಗೆ ನಿಲ್ಲಿಸಿದ್ದರೆ ಅವನದೇ ಮೇಲುಗೈಯಾಗುತ್ತಿತ್ತು.

‘ಸೈಟಿನಲ್ಲಿ ಎರಡು ಗುಡಿಗಳಿವೆ. ಒಂದು ಮೈಸಮ್ಮನದು, ಅದಕ್ಕೂ ಕುಂಕುಮ ಮೆತ್ತಿ ಕೆಂಪಾಗಿದೆ. ನಿನ್ನ ಶೆಡ್ಡಿನಿಂದ ಅದು ಕಾಣುವುದೇ ಇಲ್ಲ. ನೀನು ಹೇಳುವ ಕೆಂಪು ದೇವರು ಯಾವುದು?’

‘ಮೈಸಮ್ಮ ಅಲ್ರಿ. ಇನ್ನೊಂದ್ರಿ.’

‘ಇನ್ನೊಂದು ಯಾವ ದೇವರು?’

ಆಕೆ ಮತ್ತೆ ಕಟ್ಟಿಗೆ ಹಿಡಿದು ನೆಲ ನೋಡಿದಳು. ವಕೀಲನ ತುಟಿಯಲ್ಲಿ ಸಣ್ಣ ನಗೆ. ಸರ್ಕಾರಿ ವಕೀಲೆ ನನ್ನ ಕಡೆ ಬಗ್ಗಿ, ‘ಹನುಮಾನ್ ಅನಿ ಚೆಪ್ಪಂಡಿ ಮೇಡಂ!’ ಎಂದು ಪಿಸುಗುಟ್ಟಿದರು. ಹನುಮಾನ್ ಎಂದು ಹೇಳಿಬಿಡಿ ಮೇಡಂ. ಎಲ್ಲರಿಗೂ ಗೊತ್ತಿರುವ ಒಂದು ಹೆಸರು. ಹೇಳಿದ್ದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯುತ್ತಿತ್ತು, ಆಕೆಯ ಮೌನ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: ‘ಸ್ವಾಮಿ, ಸಾಕ್ಷಿ ಆ ಹೆಸರನ್ನು ಶುಕ್ರವಾರವೂ ಹೇಳಿಲ್ಲ, ಇವತ್ತೂ ಹೇಳಿಲ್ಲ. ಆಕೆ ಹೇಳದ್ದನ್ನು ನಾನು ಹೇಳಲಾರೆ.’

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವವರು. ನನ್ನನ್ನು ನೋಡಿದರು, ಹುಲಿಗೆಮ್ಮನನ್ನು ನೋಡಿದರು. ಆಮೇಲೆ ತಾವೇ ಕೇಳಿದರು:

‘ಅಮ್ಮಾ, ನಿನ್ನ ಗಂಡನ ಹೆಸರೇನು?’

ಹುಲಿಗೆಮ್ಮ ತುಟಿ ಬಿಗಿದಳು. ಅವರು ಕಡತದ ಮೊದಲ ಹಾಳೆ ತಿರುವಿದರು. ಸತ್ತವನ ಹೆಸರು ಓದಿದರು. ಆರೋಪಿಯ ಹೆಸರು ಓದಿದರು. ಕನ್ನಡಕ ತೆಗೆದರು.

‘ನಮ್ಮ ಅಜ್ಜಿ ಹೀಗೆಯೇ’ ಎಂದು ತೆಲುಗಿನಲ್ಲಿ ಮೆಲ್ಲಗೆ, ಯಾರಿಗೆಂದಿಲ್ಲದೆ ಹೇಳಿದರು. ‘ತಾತನ ಹೆಸರು ಹೇಳುತ್ತಿರಲಿಲ್ಲ. ಆ ಹೆಸರಿನ ಪಕ್ಕದೂರಿನ ಹೆಸರನ್ನೂ ಹೇಳುತ್ತಿರಲಿಲ್ಲ.’ ಮತ್ತೆ ಹುಲಿಗೆಮ್ಮನಿಗೆ, ‘ಯಾವ ರೀತಿ ಹೇಳಲಿಕ್ಕೆ ಬರುತ್ತದೋ ಆ ರೀತಿ ಹೇಳಮ್ಮಾ. ನಾವು ಕಾಯುತ್ತೇವೆ’ ಎಂದರು.

ನಾನು ಅದನ್ನು ಆಕೆಗೆ ಮುಟ್ಟಿಸಿದೆ. ನನ್ನದೊಂದು ಅಕ್ಷರವನ್ನೂ ಸೇರಿಸಲಿಲ್ಲ.

ಹುಲಿಗೆಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಗೆ ತರುವುದು ಒಡಪಿನಲ್ಲಿ ಮಾತ್ರ. ಮದುವೆಯಾಗಿ ಮನೆ ತುಂಬುವಾಗ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು ಹೇಳಿಸುವ ಎರಡು ಸಾಲಿನ ಪದ್ಯ ಅದು. ನಾಚುತ್ತ, ನಗುತ್ತ ಹೇಳುವಂಥದು. ಆ ಕೋರ್ಟಿನಲ್ಲಿ, ಕರಿಕೋಟುಗಳ ನಡುವೆ, ಆಕೆ ಅದನ್ನು ಹೇಳಿದಳು:

‘ಬಿಳಿ ಜ್ವಾಳದ ಹೊಲಕ ಗಿಣಿ ಹಿಂಡು ನಿಂತು,
ಹನಮಂತಪ್ಪನ ಹೆಸರ ನನ್ನ ಬಾಯಿಗೆ ಬಂತು.’

ಆರೋಪಿ ತಟ್ಟನೆ ತಲೆ ಎತ್ತಿದ. ಅದು ಅವನ ಹೆಸರೂ ಹೌದು. ಮರುಕ್ಷಣ ತಲೆ ತಗ್ಗಿಸಿದ.

‘ಮನಿ ತುಂಬೋ ದಿನ ಹೇಳಿದ್ನಿರಿ. ಅದ ಕಡಿ’ ಎಂದಳು ಹುಲಿಗೆಮ್ಮ. ಈಗ ಮಾತು ನಿಲ್ಲಲಿಲ್ಲ. ‘ಆ ಕೆಂಪ ದೇವರದೂ ಅದ ಹೆಸರ್ರಿ. ಅವರಿಗೆ ಹೊಡದ್ನಲ್ಲ, ಅಲ್ಲಿ ನಿಂತಾನಲ್ಲ, ಅವಂದೂ ಅದ ಹೆಸರ. ಅವರ ಇನ್ನಾ ದವಾಖಾನ್ಯಾಗ ಮಲಗಿದ್ರು. ಅವರ ಹೆಸರ ತಗೊಂಡು, ಇವ ಕೊಂದಾನ ಅಂತ ಪೊಲೀಸರಿಗೆ ಹೆಂಗ ಹೇಳ್ಲಿರಿ? ಲಿಂಗಸೂರವ ಅಂದೆ. ಹೆಸರ ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳಿದ್ಲು. ನಾ ಒಂದ ದಿನಾನೂ ಹಿಡೀಲಿಲ್ರಿ. ಹಿಡೀಲಿಲ್ಲಂದ್ರೂ ಹೋದ್ರು.’

ಇದೆಲ್ಲವನ್ನೂ ನಾನು ತೆಲುಗಿನಲ್ಲಿ ಹೇಳಬೇಕಿತ್ತು. ಪದ್ಯವನ್ನು ಹೇಗೋ ದಾಟಿಸಿದೆ. ಗಿಣಿ ಬಂತು, ಜೋಳ ಬಂತು, ಹೆಸರು ಬಂತು. ಕೊನೆಯ ಮಾತಿಗೆ ಬಂದಾಗ ನೀರು ಕೇಳಿದೆ. ಅಟೆಂಡರ್ ತಂದುಕೊಟ್ಟ. ನ್ಯಾಯಾಧೀಶರು ಕಾದರು. ಆಮೇಲೆ ಹೇಳಿದೆ: ನಾನು ಒಂದು ದಿನವೂ ಹೆಸರು ಹಿಡಿಯಲಿಲ್ಲ, ಹಿಡಿಯದಿದ್ದರೂ ಹೋದರು. ಬೇರೆಯವರ ಮಾತನ್ನು ‘ನಾನು’ ಎಂದೇ ಹೇಳಬೇಕಾದದ್ದು ನಮ್ಮ ಕಸುಬಿನ ನಿಯಮ. ಅಂದು ಆ ನಿಯಮ ನನ್ನನ್ನು ಕೊಯ್ದಿತು. ನಾನಂತೂ ದಿನಕ್ಕೆ ನೂರು ಸಲ ಹಿಡಿದವಳು.

ನ್ಯಾಯಾಧೀಶರು ಒಂದು ಮಾತೂ ಬಿಡದೆ ಬರೆಸಿದರು. ‘ಇನ್ನೇನಾದರೂ ಕೇಳುವುದಿದೆಯೇ?’ ಎಂದು ಆ ಹುಡುಗನನ್ನು ನೋಡಿದರು. ಅವನು ಕೈಯಲ್ಲಿದ್ದ ಕಾಗದಗಳನ್ನು ಜೋಡಿಸಿಕೊಂಡು, ‘ಇಲ್ಲ ಸರ್’ ಎಂದು ಕೂತ.

ಬೇವಿನ ಮರ

ಹುಲಿಗೆಮ್ಮನ ಸಾಕ್ಷಿ ಮುಗಿಯಿತು, ಅದರೊಂದಿಗೆ ನನ್ನ ಕೆಲಸವೂ. ಇನ್ನು ಆಕೆಯೊಡನೆ ಮಾತಾಡಿದರೆ ಯಾರ ಅಡ್ಡಿಯೂ ಇಲ್ಲ. ಆಕೆ ಮರದ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದ್ದಳು. ಹತ್ತಿರ ಹೋಗಿ ಕೂತೆ. ಕೇಳದೆಯೇ ಅರ್ಧ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ಕೈಗಿಟ್ಟಳು.

‘ಶುಕ್ರವಾರ ಮಾರಿ ತಿರುವಿ ಹೋದ್ರಲ್ರಿ ಅಕ್ಕಾರ. ಭಾಳ ಬ್ಯಾಸರಾತು.’

‘ಮಾತಾಡೂ ಹಂಗಿರಲಿಲ್ಲವ್ವ.’

‘ಹೌದ್ರಿ, ಆ ಸಾಹೇಬ್ರು ಹೇಳಿದ್ರಲ್ಲ.’ ಸ್ವಲ್ಪ ಹೊತ್ತು ಅಗಿಯುತ್ತ ಕೂತಳು. ಆಮೇಲೆ, ‘ನಿಮ್ಮ ಮನಿಯವರ ಹೆಸರೇನ್ರಿ?’ ಎಂದಳು.

‘ಶ್ರೀಪಾದ.’

‘ಅಯ್ಯ! ಹಂಗ ಸಟಕ್ನ ಹೇಳೇಬಿಟ್ರಲ್ರಿ!’ ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ಎರಡು ದಿನಗಳಲ್ಲಿ ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ‘ಅದಾರೇನ್ರಿ?’

‘ಇಲ್ಲವ್ವ. ಹೋಗಿ ಎರಡು ವರ್ಷಾತು.’

ನಗು ನಿಂತಿತು. ಆಕೆ ಏನು ಅನ್ನುತ್ತಾಳೋ ಎಂದು ನನಗೆ ಭಯವಾಯಿತು. ಹೆಸರು ಹಿಡಿದೇ ಆಯುಷ್ಯ ಕಳೆದವಳು ಎಂದಾಳೆಂದು. ಆಕೆ ನನ್ನ ಕೈಯಲ್ಲಿದ್ದ ರೊಟ್ಟಿಯ ಕಡೆ ನೋಡುತ್ತ ಹೇಳಿದಳು:

‘ಬಾಯಿ ತುಂಬ ಕರದೀರಿ ಬಿಡ್ರಿ ಅಕ್ಕಾರ. ಚಲೋ ಮಾಡಿದ್ರಿ. ನನಗ ಈಗ ಕರೀಬೇಕಂದ್ರ ರೂಢೀನ ಇಲ್ಲ.’

ಇಬ್ಬರೂ ರೊಟ್ಟಿ ತಿಂದೆವು. ಹಿಂಡಿ ಬಹಳ ಖಾರವಾಗಿತ್ತು. ಕಣ್ಣಲ್ಲಿ ನೀರು ಬಂದುದಕ್ಕೆ ಈ ಸಲ ಬಿಸಿಲಿನ ನೆಪ ಬೇಕಾಗಲಿಲ್ಲ.

ಕೃಷ್ಣೆ

ತೀರ್ಪು ಇನ್ನೂ ಬಂದಿಲ್ಲ. ಬಂದರೂ ದುಭಾಷಿಗೆ ತಿಳಿಸುವ ಪದ್ಧತಿಯಿಲ್ಲ. ಕಾಚಿಗುಡದಲ್ಲಿ ಬೆಳಗಿನ ಗಾಡಿ ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ನನ್ನ ಪಕ್ಕ ಖಾಲಿ. ಎದುರಿನ ಸೀಟಿನಲ್ಲಿ ನನ್ನ ವಯಸ್ಸಿನ ದಪ್ಪನೆಯ ಹೆಂಗಸು. ಗದ್ವಾಲದ ತನಕ ಹೋಗುವವಳಂತೆ. ಚಪ್ಪಲಿ ಬಿಟ್ಟು ಎರಡೂ ಕಾಲನ್ನು ನನ್ನ ಪಕ್ಕದ ಖಾಲಿ ಸೀಟಿನ ಮೇಲೆ ಚಾಚಿ ಆರಾಮಾಗಿ ಕಣ್ಣು ಮುಚ್ಚಿದ್ದಳು.

ಶ್ರೀಪಾದನಿಗೆ ಗಾಡಿ ಹತ್ತಿದ ಕೂಡಲೇ ನಿದ್ದೆ. ಆದರೆ ಹೊಳೆ ಬಂದಾಗ ಎಬ್ಬಿಸಲೇಬೇಕು. ಎಬ್ಬಿಸದಿದ್ದರೆ ಬಳ್ಳಾರಿಯವರೆಗೂ ಮುನಿಸು. ಎಬ್ಬಿಸಿದರೆ ಒಂದು ಸಲ ನೀರು ನೋಡಿ, ‘ಹೂಂ, ತುಂಬಾ ಇದೆ’ ಅಥವಾ ‘ಹೂಂ, ಏನೂ ಇಲ್ಲ’ ಎಂದು ಮತ್ತೆ ಮಲಗುವುದು. ಅಷ್ಟಕ್ಕೆ ಅಷ್ಟು ರಂಪ.

ಸೇತುವೆಯ ಸದ್ದು ಬದಲಾಯಿತು. ಕೆಳಗೆ ಕೃಷ್ಣೆ, ಬಂಡೆಗಳ ನಡುವೆ ಅಗಲವಾಗಿ ಹರಿಯುತ್ತಿದ್ದಳು. ಗುಂತಕಲ್ಲಿನಲ್ಲಿ ಮಾಡಿದ ನಿಶ್ಚಯ ನೆನಪಿತ್ತು. ಮರೆತು ಹೇಳಿದ್ದಲ್ಲ, ತಿಳಿದೇ ಹೇಳಿದೆ, ಗಾಡಿಯ ಸದ್ದಿಗೂ ಮೇಲಾಗಿ, ಬಾಯಿ ತುಂಬ:

‘ಶ್ರೀಪಾದ್, ಏಳೋ, ಹೊಳಿ ಬಂತು!’

ಎದುರಿನ ಹೆಂಗಸು ಬೆಚ್ಚಿ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಆಚೀಚೆ ನೋಡಿದಳು. ‘ಎವರಮ್ಮಾ?’ ಎಂದಳು, ಯಾರು ಎಂದು.

‘ನಮ್ಮ ಯಜಮಾನರು’ ಎಂದೆ.

ಆಕೆ ನನ್ನ ಪಕ್ಕದ ಖಾಲಿ ಸೀಟನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಏನೂ ಕೇಳದೆ ಅದರ ಮೇಲಿಂದ ತನ್ನ ಕಾಲನ್ನು ಇಳಿಸಿ, ಸೀರೆ ಸರಿಪಡಿಸಿಕೊಂಡು, ನೆಟ್ಟಗೆ ಕೂತಳು.